ಗೊರಕೆ ಸುಖನಿದ್ರೆಯ ಲಕ್ಷಣವೇ?

ಗೊರಕೆ ಹೊಡೆಯುವವನನ್ನು ಕಂಡು ಕುಂಭಕರ್ಣನೆಂದು ನಗುವುದು ನಮ್ಮಲ್ಲಿ ರೂಢಿ. ಆ ನಗೆಗೆ ಗುರಿಯಾದವರಲ್ಲಿ ನಾನೂ ಒಬ್ಬ. ರಾತ್ರಿ ಎಂಟು ಗಂಟೆ ಮಲಗಿಯೂ ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದೆ. ಮಧ್ಯಾಹ್ನ ಸಾಲದ ಅರ್ಜಿಗಳ ಮುಂದೆ ಕಣ್ಣೆಳೆಯುತ್ತಿತ್ತು. ಎಂಟು ಗಂಟೆ ಜಮೆಯಾಗಿದ್ದರೂ ಖಾತೆಯಲ್ಲಿ ಶಿಲ್ಕಿಲ್ಲದಂತಹ ಸ್ಥಿತಿ! ಕಾರಣವನ್ನು ಮೊದಲು ಕಂಡವಳು ನನ್ನ ಪತ್ನಿ. "ನಿಮ್ಮ ಗೊರಕೆಗೆ ನಾನು ಹೆದರುವುದಿಲ್ಲ, ಅದು ನಡುವೆ ನಿಂತುಹೋದಾಗ ಹೆದರುತ್ತೇನೆ" ಎಂದಳು.

ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿದರೂ ಗಾಳಿ ಒಳಹೋಗದು. ರಕ್ತದಲ್ಲಿ ಆಮ್ಲಜನಕ ಕುಗ್ಗಿದೊಡನೆ ಮೆದುಳು ಎಚ್ಚೆತ್ತು, ಏದುಸಿರಿನೊಡನೆ ದಾರಿ ತೆರೆಯುತ್ತದೆ. ಉಸಿರು ಹೀಗೆ ಗಂಟೆಗೆ 30 ಸಲಕ್ಕಿಂತ ಹೆಚ್ಚು ಕಟ್ಟಿದರೆ ರೋಗ ತೀವ್ರವೆಂದು ಲೆಕ್ಕ. ಮಲಗಿದವನಿಗೆ ಮಾತ್ರ ಇದಾವುದರ ನೆನಪೂ ಇರದು. ಸ್ಥೂಲಕಾಯ, ದಪ್ಪ ಕತ್ತು, ಮದ್ಯಪಾನ ಇದಕ್ಕೆ ಇಂಬು ಕೊಡುತ್ತವೆ, ತೆಳ್ಳಗಿನವರಿಗೂ ಬರುವುದುಂಟು. ಇದರೊಡನೆ ರಕ್ತದೊತ್ತಡವೂ ಏರುತ್ತದೆ.

ರೋಗಿ ನನ್ನಂತೆ ಮೇಜಿನ ಮುಂದೆ ಕುಳಿತವನಾದರೆ ಹಾನಿ ಅವನಿಗಷ್ಟೆ. ಗಾಡಿ ನಡೆಸುವವನಾದರೆ? 2013ರ ಡಿಸೆಂಬರ್ 1, ಭಾನುವಾರ ಬೆಳಗ್ಗೆ ನ್ಯೂಯಾರ್ಕ್ ನಗರದ ಸ್ಪೈಟನ್ ಡೈವಿಲ್ ಎಂಬಲ್ಲಿ ಗಂಟೆಗೆ 30 ಮೈಲಿ ಮಿತಿಯ ತಿರುವನ್ನು ಉಪನಗರ ರೈಲೊಂದು 82 ಮೈಲಿ ವೇಗದಲ್ಲಿ ಹೊಕ್ಕು ಹಳಿ ತಪ್ಪಿತು. ನಾಲ್ವರು ಮಡಿದರು. ಚಾಲಕ ಕುಡಿದಿರಲಿಲ್ಲ. ಅವನಿಗೆ ತೀವ್ರ ಸ್ಲೀಪ್ ಆಪ್ನಿಯಾ ಇದ್ದುದು ಅಪಘಾತದ ನಂತರದ ಪರೀಕ್ಷೆಯಲ್ಲಷ್ಟೇ ಗೊತ್ತಾಯಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ಅವನ ಪಾಳಿಯನ್ನು ಮಧ್ಯಾಹ್ನದಿಂದ ಮುಂಜಾವಕ್ಕೆ ಬದಲಿಸಲಾಗಿತ್ತು. ಚಾಲಕರಲ್ಲಿ ನಿದ್ರಾರೋಗವಿದೆಯೇ ಎಂದು ನೋಡುವ ಕ್ರಮ ಆ ರೈಲು ಸಂಸ್ಥೆಯಲ್ಲಿರಲಿಲ್ಲ. ಅವನನ್ನು ಸೋಮಾರಿ ಎನ್ನಲು ನನಗೆ ಮನಸ್ಸು ಬಾರದು. ನಾನೂ ಹಾಗೆ ತೂಕಡಿಸಿದವನೇ. ಹಬ್ಬಕ್ಕೆಂದು ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ಬಸ್ಸು ಹತ್ತುವಾಗಲೆಲ್ಲ ಈಗ ನನ್ನ ದೃಷ್ಟಿ ಚಾಲಕನತ್ತ ಹರಿಯುತ್ತದೆ.

ಚಿಕಿತ್ಸೆ ಇದೆ. ಮೂಗಿಗೆ ಮುಖವಾಡ ತೊಡಿಸಿ, ಗಾಳಿಯ ಒತ್ತಡದಿಂದ ಶ್ವಾಸಮಾರ್ಗವನ್ನು ತೆರೆದಿಡುವ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ನಾನೂ ಅದನ್ನೇ ಧರಿಸುತ್ತೇನೆ. ಮೊದಲ ವಾರ ಉಸಿರುಗಟ್ಟಿದಂತಾಗಿ ಕಿತ್ತೆಸೆದದ್ದೂ ಉಂಟು, ಮೊಮ್ಮಗನನ್ನು ನೋಡಲು ಬಂದಿದ್ದ ನಮ್ಮ ತಾಯಿ ನನ್ನನ್ನು ಆನೆಯೆಂದು ನಕ್ಕದ್ದೂ ಉಂಟು. ವೈದ್ಯರಲ್ಲಿಗೆ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದೊಯ್ಯಿರಿ. ನನ್ನ ವೈದ್ಯರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಉಳಿದುದನ್ನೆಲ್ಲ ಕೇಳಿದ್ದು ಅವಳನ್ನು.