ಬಾನೆಟ್‌ಗೆ ಬಫಿಂಗ್ ಹೊಡೆಸುವ ಮೊದಲು

ಮಕ್ಕಳೇ,

ನೀವು ಶೆಡ್ಡಿನಲ್ಲಿ ಕಟ್ಟುತ್ತಿರುವ ಗಾಡಿ ನೋಡಿ ತುಂಬಾ ಸಂತೋಷವಾಯಿತು. ಚಾಸಿಯ ವೆಲ್ಡಿಂಗ್ ಚೊಕ್ಕವಾಗಿದೆ. ರಿವೆಟ್ ಸಾಲು ಎಲ್ಲೂ ಸೊಟ್ಟಗಾಗಿಲ್ಲ. 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲೋಟಸ್ ಸೆವೆನ್ ಕಾರಿನ ಮಾದರಿ ಹಿಡಿದಿದ್ದೀರಿ, ಒಳ್ಳೆಯ ಆಯ್ಕೆ. ಆ ಕಾರನ್ನೂ ಜನ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು, ಹಾಗೆ ಕೊಂಡರೆ ಅಲ್ಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಇನ್ನೇನು ಬಾನೆಟ್‌ಗೆ ಬಫಿಂಗ್ ಹೊಡೆಸಿ ಕನ್ನಡಿ ಮಾಡಿಬಿಡುತ್ತೇವೆ ಅಂದಿರಲ್ಲ, ಅದೊಂದು ಬೇಡ. ಬದುಕಿನ ಬಹುಪಾಲು ವಿಮಾನದ ತಗಡಿನ ಕೆಲಸದಲ್ಲೇ ಕಳೆದವನು ಹೇಳುತ್ತಿದ್ದೇನೆ, ಕೇಳಿ.

ನಿಮ್ಮ ಗಾಡಿಯಲ್ಲಿ ಚಾಲಕ ಕೂರುವುದು ನೆಲಕ್ಕೆ ಹತ್ತಿರ, ಹಿಂದಿನ ಆಕ್ಸಲ್‌ನ ಪಕ್ಕದಲ್ಲೇ. ಅವನ ಮುಂದೆ ಉದ್ದನೆಯ ಬಾನೆಟ್ ಚಾಚಿಕೊಂಡಿದೆ. ರಸ್ತೆ ನೋಡಬೇಕಾದರೆ ಅದರ ಮೇಲಿಂದಲೇ ನೋಡಬೇಕು. ಹೊಳಪು ಕೊಟ್ಟ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಸೂರ್ಯ ನಿಮಗೆ ಎದುರಾಗುತ್ತಾನೆ. ಅದೇ ಜಾಗದಲ್ಲಿ ಬ್ರೇಕ್ ಒತ್ತಬೇಕಾಗಿ ಬಂದರೆ? ಪೋಲರಾಯ್ಡ್ ಕನ್ನಡಕ ಹಾಕಿಕೊಳ್ಳುತ್ತೇವೆ ಅನ್ನಬೇಡಿ. ನೀರಿನ ಮೇಲಿನ, ಒದ್ದೆ ರಸ್ತೆಯ ಮೇಲಿನ ಹೊಳಪನ್ನು ಆ ಕನ್ನಡಕ ತಡೆಯುತ್ತದೆ. ಲೋಹದಿಂದ ಪುಟಿದ ಬೆಳಕು ಅಷ್ಟಾಗಿ ಧ್ರುವೀಕರಣಗೊಳ್ಳುವುದಿಲ್ಲವಾದ್ದರಿಂದ ಬಾನೆಟ್‌ನ ಹೊಳಪಿಗೆ ಅದರ ಆಟ ನಡೆಯುವುದಿಲ್ಲ.

ಹಾಗಾದರೆ ಉಜ್ಜಿ ಮಂಕು ಮಾಡಿಬಿಡೋಣ ಎಂದು ನಿಮ್ಮಲ್ಲೊಬ್ಬ ಹೇಳಿದ. ಅರ್ಧ ಸರಿ. ಎಮರಿ ಪೇಪರ್ ಆಗಲಿ ಸ್ಕಾಚ್‌ಬ್ರೈಟ್ ಆಗಲಿ ಬೆಳಕನ್ನು ಚೆದುರಿಸುತ್ತದೆ ಅಷ್ಟೆ, ನುಂಗುವುದಿಲ್ಲ. ಸೂರ್ಯನ ಬಿಂಬ ಮಾಯವಾಗುತ್ತದೆ ನಿಜ, ಆದರೆ ಮಧ್ಯಾಹ್ನದ ಬಿಸಿಲಿಗೆ ಇಡೀ ಬಾನೆಟ್ ಬೆಳ್ಳಗೆ ಬೆಳಗುತ್ತದೆ. ಗೆರೆಯ ದಿಕ್ಕೂ ಮುಖ್ಯ. ಉಜ್ಜಿದ ಗೆರೆ ಯಾವ ಕಡೆಗಿದೆಯೋ ಅದಕ್ಕೆ ಅಡ್ಡವಾಗಿ ಬೆಳಕು ಪಟ್ಟೆಯಾಗಿ ಹರಡುತ್ತದೆ. ಬಾನೆಟ್‌ಗೆ ಅಡ್ಡಡ್ಡ ಗೆರೆ ಎಳೆದಿರೋ, ಎದುರಿನ ಸೂರ್ಯ ಮೂತಿಯಿಂದ ಗಾಜಿನವರೆಗೆ ಬಿಳಿ ಪಟ್ಟೆಯಾಗಿ ನಿಮ್ಮತ್ತಲೇ ಬರುತ್ತಾನೆ.

ವಿಮಾನದವರು ಈ ತೊಂದರೆಗೆ ಪರಿಹಾರ ಕಂಡುಕೊಂಡು ಬಹಳ ಕಾಲವಾಯಿತು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದವರು ತಮ್ಮ ಮಸ್ಟಾಂಗ್ ವಿಮಾನಗಳಿಗೆ ಬಣ್ಣ ಬಳಿಯುವುದನ್ನೇ ಬಿಟ್ಟು ಬರಿ ಲೋಹದಲ್ಲಿ ಹಾರಿಸಿದರು. ಆದರೂ ಪೈಲಟ್‌ನ ಮುಂದಿನ ಮೂತಿಯ ಮೇಲ್ಭಾಗಕ್ಕೆ ಮಾತ್ರ ಮಂಕು ಆಲಿವ್ ಹಸಿರನ್ನು ಬಿಡದೆ ಹಚ್ಚಿದರು. ಎರಡೆಂಜಿನ್ ವಿಮಾನಗಳಲ್ಲಿ ಎಂಜಿನ್ ಗೂಡಿನ ಒಳಬದಿಗೂ, ಅಂದರೆ ಪೈಲಟ್‌ಗೆ ಕಾಣುವ ಬದಿಗೂ, ಅದೇ ಬಣ್ಣ. ಕಣ್ಣಿಗೆ ಬೀಳುವ ಜಾಗಕ್ಕೆ ಮಾತ್ರ ಮಂಕು ಬಣ್ಣ, ಉಳಿದದ್ದು ಬರಿ ಲೋಹ. ನಾನು ನಿಮಗೆ ಹೇಳುವುದೂ ಇಷ್ಟನ್ನೇ. ಪಕ್ಕದ ತಗಡುಗಳ ಹೊಳಪು ನಿಮ್ಮ ಹೆಮ್ಮೆ, ಅದನ್ನು ಇಟ್ಟುಕೊಳ್ಳಿ. ಚಾಲಕನ ಕಣ್ಣಿನ ಮುಂದಿನ ಜಾಗದಲ್ಲಿ ಆ ಹೆಮ್ಮೆ ಬೇಡ.

ಯಾವುದು ಆ ಜಾಗ ಎಂಬುದನ್ನು ನಿಂತು ನೋಡಿ ತೀರ್ಮಾನಿಸಬೇಡಿ. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿ. ಒಬ್ಬರು ಬೆಲ್ಟ್ ಕಟ್ಟಿಕೊಂಡು ಸೀಟಿನಲ್ಲಿ ಕೂತು ಹೇಳಲಿ, ಇನ್ನೊಬ್ಬರು ಹೊಳೆದ ಕಡೆಯೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಲಿ. ಬಾನೆಟ್ ಅಷ್ಟೇ ಅಲ್ಲ, ಮುಂದಿನ ಮಡ್‌ಗಾರ್ಡ್‌ಗಳ ಮೇಲ್ಭಾಗ, ಹೆಡ್‌ಲೈಟಿನ ಕ್ರೋಮ್ ಬಟ್ಟಲಿನ ಬೆನ್ನು, ಗಾಜಿನ ಚೌಕಟ್ಟು ಎಲ್ಲವೂ ಸಿಕ್ಕಿಬೀಳುತ್ತವೆ. ಉಬ್ಬಿದ ಮೈ ಇದ್ದರಂತೂ ಸೂರ್ಯ ಎಲ್ಲಿದ್ದರೂ ಅದರಲ್ಲೊಂದು ಬಿಂದು ಕಣ್ಣಿಗೆ ಹೊಡೆದೇ ಹೊಡೆಯುತ್ತದೆ. ಡ್ಯಾಶ್‌ಬೋರ್ಡಿನ ತಗಡನ್ನು ಮರೆಯಬೇಡಿ, ಅದರ ಪ್ರತಿಬಿಂಬ ಮುಂದಿನ ಗಾಜಿನ ಮೇಲೆ ತೆರೆಯಂತೆ ಬೀಳುತ್ತದೆ.

ಬಣ್ಣ ಆರಿಸುವಾಗಲೂ ಸೀಟಿನಲ್ಲಿ ಕೂತೇ ಆರಿಸಿ. ಎದುರಿಗೆ ಹಿಡಿದು ನೋಡಿದರೆ ಮ್ಯಾಟ್ ಅನ್ನಿಸಿದ ಬಣ್ಣ ಓರೆಯಾಗಿ ನೋಡಿದಾಗ ಹೊಳೆಯಬಹುದು, ನಿಮ್ಮ ಚಾಲಕ ಬಾನೆಟ್ ನೋಡುವುದೇ ಹಾಗೆ ಓರೆಯಾಗಿ. ಉಳಿದ ತಗಡಿನ ತುಂಡಿಗೆ ಹಚ್ಚಿ, ಬಾನೆಟ್ ಮೇಲಿಟ್ಟು ಪರೀಕ್ಷಿಸಿ. ಕಡು ಬೂದು ಅಥವಾ ಆಲಿವ್ ಹಸಿರು ನನಗೆ ಇಷ್ಟ. ಮ್ಯಾಟ್ ಕಪ್ಪು ಬೆಳಕನ್ನು ಎಲ್ಲಕ್ಕಿಂತ ಚೆನ್ನಾಗಿ ನುಂಗುತ್ತದೆ, ಬಿಸಿಲಿಗೆ ಕಾಯುತ್ತದೆ ಕೂಡ.

ಈಗ ಕೆಲಸದ ವಿಷಯ. ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂದು ಜನ ದೂರುತ್ತಾರೆ, ತಪ್ಪು ಸಾಮಾನ್ಯವಾಗಿ ತೊಳೆದ ರೀತಿಯಲ್ಲಿರುತ್ತದೆ. ಮೊದಲು ತಿನ್ನರ್ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆಯಿರಿ. ಉಜ್ಜಿದ ಮೇಲೆ ತೆಗೆಯೋಣ ಎಂದರೆ ಜಿಡ್ಡು ಗೆರೆಯೊಳಗೆ ಇಳಿದು ಕೂರುತ್ತದೆ. ಆಮೇಲೆ ಸೋಪಿನ ನೀರು, ಕೆಂಗಂದು ಬಣ್ಣದ ಸ್ಕಾಚ್‌ಬ್ರೈಟ್, ಸುತ್ತಿ ಸುತ್ತಿ ಒಂದೇ ಸಮನೆ ಉಜ್ಜುವುದು. ಚೆನ್ನಾಗಿ ತೊಳೆದು ಶುದ್ಧ ನೀರು ಸುರಿದು ನೋಡಿ. ನೀರು ಒಂದೇ ಪೊರೆಯಾಗಿ ನಿಂತರೆ ತಗಡು ಸ್ವಚ್ಛ. ಹನಿ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ, ಮತ್ತೆ ಮೊದಲಿನಿಂದ ಶುರು. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಅಂದೇ ಎಚ್ ಪ್ರೈಮರ್ ತೆಳ್ಳಗೆ ಹೊಡೆಯಿರಿ, ಏಕೆಂದರೆ ಕೆರೆದ ಅಲ್ಯೂಮಿನಿಯಂ ಗಾಳಿ ಸೋಕಿದ ಕೂಡಲೇ ಮತ್ತೆ ಆಕ್ಸೈಡ್ ಹೊದ್ದುಕೊಳ್ಳತೊಡಗುತ್ತದೆ. ಹಳೆಯ ಕಾಲದ ಹಳದಿ ಜಿಂಕ್ ಕ್ರೋಮೇಟ್ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಪ್ರೈಮರ್, ಬಣ್ಣ ಎರಡೂ ಒಂದೇ ಕಂಪನಿಯದ್ದಾಗಿರಲಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಡಬ್ಬದ ಮೇಲೆ ಓದಿಕೊಳ್ಳಿ.

ಸ್ಟೀಲ್ ವುಲ್, ಕಬ್ಬಿಣದ ವೈರ್ ಬ್ರಷ್ ಮುಟ್ಟಬೇಡಿ. ಅದರ ಚೂರು ತಗಡಿನಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಎಬ್ಬಿಸುತ್ತದೆ. ಒಣಗಿದ ಅಲ್ಯೂಮಿನಿಯಂ ಧೂಳು ಬೆಂಕಿಗೆ ಸಿಡಿಯುವಂಥದ್ದು, ಉಜ್ಜುವ ಜಾಗದ ಹತ್ತಿರ ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರಿಸಬೇಡಿ. ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ.

ಗ್ಲಾಸ್ ಬೀಡ್ ಬ್ಲಾಸ್ಟಿಂಗ್ ನೋಡಲು ಚೆಂದ, ಆದರೆ ನಿಮ್ಮ ತೆಳುವಾದ ತಗಡಿಗೆ ಆಗದು. ಮಣಿಗಳ ಹೊಡೆತಕ್ಕೆ ಮೇಲ್ಮೈ ಹಿಗ್ಗಿ ತಗಡು ಬಾಗುತ್ತದೆ. ಅದೇ ಗುಣವನ್ನು ಬಳಸಿಕೊಂಡು ವಿಮಾನದ ರೆಕ್ಕೆಯ ತಗಡನ್ನು ಬೇಕಾದ ಬಾಗಿಗೆ ತರುವುದೂ ಉಂಟು. ಆನೊಡೈಸಿಂಗ್ ಗಟ್ಟಿ ಕೆಲಸ, ಬಾನೆಟ್ ಹಿಡಿಸುವಷ್ಟು ದೊಡ್ಡ ತೊಟ್ಟಿ ಇರುವವರು ಸಿಕ್ಕರೆ ಮಾಡಿಸಿ. ಮಂಕು ಬರಿಸಲು ಮನೆಯಲ್ಲೇ ಕಾಸ್ಟಿಕ್ ಸೋಡ ಕದಡುವ ಸಾಹಸ ಮಾತ್ರ ಬೇಡ. ಅದು ಅಲ್ಯೂಮಿನಿಯಂ ಜೊತೆ ಸೇರಿ ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ, ಕಣ್ಣಿಗೆ ಒಂದು ಹನಿ ಸಿಡಿದರೂ ಅಪಾಯ.

ವಿಮಾನದ ತಗಡು ಸಿಕ್ಕಿತೆಂದು ಯಾರಾದರೂ ತಂದುಕೊಟ್ಟರೆ ಉಜ್ಜುವ ಮೊದಲು ಅದರ ಮೇಲಿನ ಗುರುತು ಓದಿ. ಆಲ್‌ಕ್ಲ್ಯಾಡ್ ಆಗಿದ್ದರೆ, ತಾಮ್ರ ಬೆರೆತ ಮಿಶ್ರಲೋಹದ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದೆ. 1.2 ಮಿ.ಮೀ. ತಗಡಿನಲ್ಲಿ ಆ ಪದರ ಒಂದು ಬದಿಗೆ ಸುಮಾರು 0.06 ಮಿ.ಮೀ. ಮಾತ್ರ. ಒಳಗಿನ ಲೋಹವನ್ನು ಕಾಯುತ್ತಿರುವುದು ಅದೇ. ಒರಟು ಎಮರಿ ಹಿಡಿದು ಅದನ್ನು ಕೆರೆದು ಹಾಕಿದರೆ, ಮಂಗಳೂರಿನ ಉಪ್ಪುಗಾಳಿಗೆ ಗಾಡಿ ಹೋದಾಗ ತಗಡು ಬಿಳಿ ಪುಡಿ ಉಗುಳತೊಡಗುತ್ತದೆ.

ಬಣ್ಣ ಒಣಗಿದ ಮೇಲೆ ಅದಕ್ಕೆ ವ್ಯಾಕ್ಸ್, ಪಾಲಿಶ್ ಸೋಕಿಸಬೇಡಿ. ಮ್ಯಾಟ್ ಬಣ್ಣವನ್ನು ತಿಕ್ಕಿದಷ್ಟೂ ಅದು ಹೊಳಪೇರುತ್ತದೆ, ಏರಿದ ಹೊಳಪನ್ನು ಇಳಿಸಲು ಮತ್ತೆ ಬಣ್ಣವನ್ನೇ ಹೊಡೆಯಬೇಕು. ತೆಳು ಶಾಂಪೂ ನೀರು, ಮೆತ್ತನೆ ಬಟ್ಟೆ ಸಾಕು.