ಬಣ್ಣದ ಲೈಟ್ ಬ್ಯಾಡ ತಮ್ಮಾ: ಕಮ್ಮಿ ಬಜೆಟ್‌ನಲ್ಲಿ ಡೆಸ್ಕ್‌ಟಾಪ್ ಕಟ್ಟೋದು ಹೇಗೆ?

ಕಳೆದ ಸೆಮಿಸ್ಟರ್ ರಜೆಗೆ ಸ್ವಲ್ಪ ಮುಂಚೆ ನಮ್ಮ ಹಾಸ್ಟೆಲ್ ರೂಮ್‌ಗೆ ಒಂದು ಫೋನ್ ಬಂತು. ಮಾಡಿದ್ದು ನಮ್ಮ ರೂಮ್‌ಮೇಟ್‌ನ ಅಕ್ಕ. ಹಾವೇರಿ ಕಡೆ ಒಂದು ಊರಲ್ಲಿ ಅವರದು ಸಣ್ಣ ಜೆರಾಕ್ಸ್ ಅಂಗಡಿ. ನುಡಿಯಲ್ಲಿ ಕನ್ನಡ ಟೈಪಿಂಗ್, ಸೇವಾ ಸಿಂಧು ಅರ್ಜಿ, ಸ್ಕ್ಯಾನ್, ಪ್ರಿಂಟ್ ಎಲ್ಲವೂ ಒಂದೇ ಹಳೇ ಕಂಪ್ಯೂಟರ್ ಮೇಲೆ ನಡೀತಿತ್ತು. "ಮಂದಿ ಸಾಲಿನ್ಯಾಗ ನಿಂತಿರ್ತಾರ, ಇದು ಗಿರಗಿರ ತಿರಗಕೋತ ಕುಂದರತೈತಿ" ಅಂದ್ರು. ಹೊಸ ಮಷೀನ್‌ಗೆ ಸಂಘದಲ್ಲಿ ಸಾಲ ತಗೊಂಡಿದ್ರು. ಕೈಯಲ್ಲಿದ್ದದ್ದು 35 ಸಾವಿರ. "ನೀವು ಎಂಜಿನಿಯರಿಂಗ್ ಓದೋರಲ್ಲ, ಚಲೋದು ಮಾಡಿ ಕೊಡ್ರಿ."

ನಾವು ಮೂವರೂ ಹಿಗ್ಗಿಹೋದ್ವಿ. ಆವತ್ತೇ ರಾತ್ರಿ ಒಂದು ಲಿಸ್ಟ್ ರೆಡಿ ಆಯ್ತು. ಅದರಲ್ಲಿ ಏನಿತ್ತು ಗೊತ್ತಾ? ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣ ಬದಲಾಯಿಸುವ ಮೂರು ಫ್ಯಾನ್. ಅಕ್ಕನಿಗೆ ಫೋಟೋ ಕಳಿಸಿದ್ವಿ. ಉತ್ತರ ಬಂತು: "ಬಣ್ಣದ ಲೈಟ್ ಬ್ಯಾಡ ತಮ್ಮಾ. ಲೈಟ್ ಹೋದಾಗ ಕೆಲಸ ಹಾಳಾಗಲಾರದಂಗ ಮಾಡ್ರಿ, ಸಾಕು."

ಈ ಲೇಖನದ ಪಾಠ ಇಷ್ಟೇ. ನಾವು ಅಂಗಡಿ ಕಂಪ್ಯೂಟರ್ ಬದಲು ನಮ್ಮ ಕನಸಿನ ಗೇಮಿಂಗ್ ಪಿಸಿ ಕಟ್ಟೋಕೆ ಹೊರಟಿದ್ವಿ, ಅದೂ ಅಕ್ಕನ ಸಾಲದ ದುಡ್ಡಲ್ಲಿ. ಮನೆಗೋ ಅಂಗಡಿಗೋ ನಿಮ್ಮನ್ನೂ ಯಾರಾದ್ರೂ ಹೀಗೆ ಕೇಳೇ ಕೇಳ್ತಾರೆ. ಆಗ ಉಪಯೋಗಕ್ಕೆ ಬರಲಿ ಅಂತ ನಾವು ಕಲಿತದ್ದನ್ನ ಕ್ರಮವಾಗಿ ಬರೀತಿದ್ದೇವೆ.

1. ಮೊದಲು ಕೆಲಸ ಬರೆಯಿರಿ, ಆಮೇಲೆ ಪಾರ್ಟ್

ಒಂದು ಹಾಳೆಯಲ್ಲಿ ದಿನಕ್ಕೆ ಏನೇನು ಕೆಲಸ ಅಂತ ಬರೆಯಿರಿ. ಅಕ್ಕನ ಹಾಳೆ ಹೀಗಿತ್ತು: ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಟೈಪಿಂಗ್, ಪಿಡಿಎಫ್, ಸ್ಕ್ಯಾನರ್, ಪ್ರಿಂಟರ್. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಅಲ್ಲಿಗೆ ಗ್ರಾಫಿಕ್ಸ್ ಕಾರ್ಡ್ ಲಿಸ್ಟಿನಿಂದ ಹೊರಗೆ.

ಹೊಸದು ಬೇಕೇ ಬೇಕಾ ಅಂತಲೂ ಕೇಳಿಕೊಳ್ಳಿ. ಹಳೇ ಮಷೀನ್ ಇಂಟೆಲ್ 8ನೇ ತಲೆಮಾರಿನದೋ ಆಮೇಲಿನದೋ ಆಗಿದ್ದರೆ, ಒಂದು ಎಸ್‌ಎಸ್‌ಡಿ ಹಾಕಿ ರ‍್ಯಾಮ್ ಹೆಚ್ಚಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಅಕ್ಕನದು 3ನೇ ತಲೆಮಾರಿನ ಐ3, ಬೋರ್ಡ್ ಎರಡು ಸಲ ರಿಪೇರಿ ಆಗಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಷ್ಟು ಹಳೇ ಪ್ರೊಸೆಸರ್‌ಗಳಿಗೆ ಅಧಿಕೃತವಾಗಿ ಇಲ್ಲ. ಜನರ ದಾಖಲೆಗಳನ್ನ ಇಟ್ಟುಕೊಳ್ಳುವ ಮಷೀನ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬೇಕು. ಹಾಗಾಗಿ ಹೊಸದೇ ಅಂತ ಆಯ್ತು. ಆದ್ರೆ ಮಾನಿಟರ್, ಕೀಬೋರ್ಡ್, ಮೌಸ್ ಹಳೇವೇ ಉಳಿಸಿಕೊಂಡ್ವಿ.

2. ಪ್ರೊಸೆಸರ್: ಒಂದು ಅಕ್ಷರದ ಬೆಲೆ

ಈ ಥರದ ಕೆಲಸಕ್ಕೆ ಇಂಟೆಲ್ ಐ3-12100 ಧಾರಾಳವಾಗಿ ಸಾಕು: 4 ಕೋರ್, 8 ಥ್ರೆಡ್, ಒಳಗೇ ಗ್ರಾಫಿಕ್ಸ್ ಇದೆ. ಎಎಂಡಿ ಕಡೆ ಹೋದ್ರೆ ರೈಜೆನ್ 5 5600ಜಿ: 6 ಕೋರ್, 12 ಥ್ರೆಡ್, ಇನ್ನೂ ಒಳ್ಳೇ ಗ್ರಾಫಿಕ್ಸ್.

ಈಗ ನಮ್ಮ ತಪ್ಪಿನ ಕಥೆ. ಮೊದಲ ಲಿಸ್ಟಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದದ್ದರಿಂದ ಸ್ವಲ್ಪ ಅಗ್ಗವಾಗಿ ಸಿಗುವ ಐ3-12100ಎಫ್ ಬರೆದಿದ್ವಿ. ಆಮೇಲೆ ಕಾರ್ಡ್ ತೆಗೆದ್ವಿ, ಆದರೆ ಆ 'ಎಫ್' ತೆಗೆಯೋದು ಮರೆತ್ವಿ. ಎಸ್.ಪಿ. ರೋಡ್‌ನಲ್ಲಿ ಎಲ್ಲ ಪಾರ್ಟ್ ಕೊಂಡು, ರೂಮ್‌ಗೆ ತಂದು, ಜೋಡಿಸಿ ಆನ್ ಮಾಡಿದ್ವಿ. ಫ್ಯಾನ್ ತಿರುಗ್ತಿದೆ, ಮಾನಿಟರ್ ಮಾತ್ರ 'ನೋ ಸಿಗ್ನಲ್'. ರ‍್ಯಾಮ್ ತೆಗೆದು ಹಾಕಿದ್ವಿ, ಕೇಬಲ್ ಬದಲಾಯಿಸಿದ್ವಿ. ರಾತ್ರಿ ಒಂದು ಗಂಟೆಗೆ ಪ್ರೊಸೆಸರ್ ಬಾಕ್ಸ್ ಮೇಲಿನ ಸಣ್ಣ ಸಾಲು ಕಣ್ಣಿಗೆ ಬಿತ್ತು: ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಇಂಟೆಲ್ ಹೆಸರಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ಲೆಕ್ಕ ಉಲ್ಟಾ: ಹೆಸರಲ್ಲಿ 'ಜಿ' ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ರೈಜೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಬಾಕ್ಸ್ ಒಡೆದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದ ಒಬ್ಬ ಜೂನಿಯರ್‌ಗೆ ಕಮ್ಮಿ ರೇಟಿಗೆ ಮಾರಿದ್ವಿ. ನಷ್ಟ ಅಕ್ಕನ ದುಡ್ಡಿಗೆ ತಾಗಬಾರದು ಅಂತ ಮೂವರೂ ಹಂಚಿಕೊಂಡು, ಒಂದು ತಿಂಗಳು ಸಂಜೆಯ ಗೋಬಿ ಬಿಟ್ವಿ. ಲಿಸ್ಟಲ್ಲಿ ಒಂದು ಸಾಲು ಬದಲಾದರೆ ಉಳಿದ ಎಲ್ಲ ಸಾಲುಗಳನ್ನೂ ಮತ್ತೊಮ್ಮೆ ಓದಬೇಕು ಅನ್ನೋದು ಹೀಗೆ ತಲೆಗೆ ಹೋಯ್ತು.

3. ಮದರ್‌ಬೋರ್ಡ್

ಇಲ್ಲಿ ಜಾಸ್ತಿ ಖರ್ಚು ಬೇಡ. 12100ಕ್ಕೆ ಎಲ್‌ಜಿಎ1700 ಸಾಕೆಟ್‌ನ ಎಚ್610 ಬೋರ್ಡ್ ಸಾಕು. ಮೂರು ವಿಷಯ ನೋಡಿ: ಎನ್‌ವಿಎಂಇ ಹಿಡಿಯುವ ಎಂ.2 ಸ್ಲಾಟ್ ಇದೆಯಾ, ನಿಮ್ಮ ಮಾನಿಟರ್‌ಗೆ ಸರಿಯಾದ ಪೋರ್ಟ್ ಇದೆಯಾ (ಅಕ್ಕನ ಹಳೇ ಮಾನಿಟರ್‌ಗೆ ವಿಜಿಎ ಬೇಕಿತ್ತು), ರ‍್ಯಾಮ್ ಡಿಡಿಆರ್4 ಹಾಕಬೇಕಾ ಡಿಡಿಆರ್5 ಹಾಕಬೇಕಾ. ಎಚ್610 ಬೋರ್ಡ್‌ಗಳು ಎರಡೂ ಥರ ಸಿಗ್ತವೆ. ಒಂದಕ್ಕೆ ಮಾಡಿದ ಕಡ್ಡಿ ಇನ್ನೊಂದರ ಸ್ಲಾಟ್‌ನಲ್ಲಿ ಕೂರೋದೇ ಇಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿದೆ.

4. ರ‍್ಯಾಮ್: ಒಂದು ದೊಡ್ಡದಾ, ಎರಡು ಚಿಕ್ಕದಾ?

16 ಜಿಬಿ ಇಟ್ಟುಕೊಳ್ಳಿ, ಅದನ್ನ 8+8 ಅಂತ ಎರಡು ಕಡ್ಡಿಯಲ್ಲಿ ಹಾಕಿ. ಯಾಕೆ? ಡಿಡಿಆರ್4-3200 ಕಡ್ಡಿ ಸೆಕೆಂಡಿಗೆ 3200 ಮಿಲಿಯನ್ ಸಲ ಡೇಟಾ ಸಾಗಿಸುತ್ತೆ, ಒಂದೊಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್‌ನಲ್ಲಿ ಎರಡು ಕಡ್ಡಿ ಇದ್ದರೆ 51.2. ಇದು ಗರಿಷ್ಠ ಲೆಕ್ಕ, ದಿನದ ಕೆಲಸ ದುಪ್ಪಟ್ಟು ಜೋರಾಗಲ್ಲ. ಆದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ರ‍್ಯಾಮ್‌ನಿಂದ ಪಾಲು ತಗೊಳ್ಳುತ್ತೆ. ಹಾಗಾಗಿ ಈ ದಾರಿ ಅಗಲವಾಗಿದ್ದಷ್ಟೂ ಒಳ್ಳೇದು.

2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಬಜೆಟ್ ಸಾಲದಿದ್ದರೆ ಈಗ ಒಂದೇ 8 ಜಿಬಿ ಹಾಕಿ, ಒಂದು ಸ್ಲಾಟ್ ಖಾಲಿ ಬಿಡಿ. ಆಮೇಲೆ ಸೇರಿಸಬಹುದು. ಮುಂದೆ ಸೇರಿಸಬಹುದಾದ್ದನ್ನ ಮುಂದಕ್ಕೆ ಹಾಕಬಹುದು, ಕೆಟ್ಟರೆ ಉಳಿದದ್ದನ್ನೂ ಕೆಡಿಸುವ ಪಾರ್ಟ್‌ನಲ್ಲಿ ಮಾತ್ರ ಉಳಿತಾಯ ಬೇಡ.

5. ಎಸ್‌ಎಸ್‌ಡಿ: ಗಿರಗಿರಕ್ಕೆ ಮದ್ದು

ಅಕ್ಕ ಹೇಳಿದ "ಗಿರಗಿರ"ದ ದೊಡ್ಡ ಪಾಲು ಹಾರ್ಡ್ ಡಿಸ್ಕ್‌ನದು. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ತಗೊಳ್ಳುತ್ತೆ. ಬೇಕಾದ ಡೇಟಾ ಹೆಡ್‌ನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್. ಹೆಡ್ ಸರಿಯುವ ಸಮಯ ಬೇರೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್ ಓದಬೇಕು, ಪ್ರತಿ ಸಲವೂ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನೂ ಇಲ್ಲ. ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿದರೂ ಸರಿ, ಎಸ್‌ಎಸ್‌ಡಿ ಬಿಡಬೇಡಿ. 500 ಜಿಬಿ ಎನ್‌ವಿಎಂಇ ಸಾಕು. ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಬ್ಯಾಕಪ್‌ಗೆ ಇಟ್ಟುಕೊಳ್ಳಿ, ನಾವೂ ಹಾಗೇ ಮಾಡಿದ್ವಿ.

6. ಎಸ್‌ಎಂಪಿಎಸ್: ಕಾಣದೇ ಇರೋ ಪಾರ್ಟ್

ಎಲ್ಲರೂ ದುಡ್ಡು ಉಳಿಸೋದು ಇಲ್ಲೇ. ಕ್ಯಾಬಿನೆಟ್ ಜೊತೆ ಒಂದು ಎಸ್‌ಎಂಪಿಎಸ್ ಬರುತ್ತಲ್ಲ, ಅದರ ಮೇಲೆ '450 ವ್ಯಾಟ್' ಅಂತ ದೊಡ್ಡದಾಗಿ ಇರುತ್ತೆ. ದೊಡ್ಡ ಅಕ್ಷರ ಬಿಡಿ, ಪಕ್ಕದ ಸಣ್ಣ ಟೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್? ಉದಾಹರಣೆಗೆ 16 ಅಂತಿದ್ದರೆ, 12 × 16 = 192 ವ್ಯಾಟ್. ಪ್ರೊಸೆಸರ್‌ಗೆ ಕರೆಂಟ್ ಹೋಗೋದು ಈ ಸಾಲಿಂದಲೇ. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಇಲ್ಲಿ ಕೆಲಸಕ್ಕೆ ಬಂತು ನೋಡಿ!

ನಮ್ಮ ಮಷೀನ್‌ಗೆ ಬೇಕಾದದ್ದು ತುಂಬಾ ಏನಲ್ಲ. 12100 ಹೆಚ್ಚೆಂದರೆ 89 ವ್ಯಾಟ್, ಉಳಿದದ್ದೆಲ್ಲ ಸೇರಿದರೂ 150ರ ಒಳಗೇ. ಹಾಗಾಗಿ ದೊಡ್ಡ ವ್ಯಾಟ್ ಹುಡುಕೋ ಬದಲು ಗುಣಮಟ್ಟ ಹುಡುಕಿ: '80 ಪ್ಲಸ್' ಗುರುತು, ಒಳ್ಳೇ ಬ್ರ್ಯಾಂಡ್, ಕೆಲವು ವರ್ಷದ ವಾರಂಟಿ. 80 ಪ್ಲಸ್ ಅಂದರೆ 20, 50, 100 ಶೇಕಡಾ ಲೋಡ್‌ಗಳಲ್ಲಿ ಕನಿಷ್ಠ 80 ಶೇಕಡಾ ದಕ್ಷತೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಹೋಗಲ್ಲ, ಬೋರ್ಡನ್ನೂ ಎಳೆದುಕೊಂಡು ಹೋಗಬಹುದು.

ಕ್ಯಾಬಿನೆಟ್‌ನಲ್ಲಿ ಉಳಿಸಿದ ದುಡ್ಡಿಂದ 600 ವಿಎ ಯುಪಿಎಸ್ ತಗೊಂಡ್ವಿ. ಕೆಲವು ನಿಮಿಷ ಸಿಗುತ್ತೆ, ಕೈಯಲ್ಲಿರೋ ಅರ್ಜಿ ಮುಗಿಸಿ ಸರಿಯಾಗಿ ಶಟ್‌ಡೌನ್ ಮಾಡೋಕೆ ಅಷ್ಟು ಸಾಕು. ನೆಟ್ ರೂಟರನ್ನೂ ಅದಕ್ಕೇ ಸೇರಿಸಿ. ಲೇಸರ್ ಪ್ರಿಂಟರ್ ಮಾತ್ರ ಸೇರಿಸಬೇಡಿ, ಅದು ಬಿಸಿಯಾಗುವಾಗ ತುಂಬಾ ಕರೆಂಟ್ ಎಳೆಯುತ್ತೆ, ಯುಪಿಎಸ್ ತಡೆಯಲ್ಲ.

7. ಕೊಳ್ಳುವಾಗ

ರೇಟು ವಾರದಿಂದ ವಾರಕ್ಕೆ ಬದಲಾಗುತ್ತೆ, ಅದಕ್ಕೇ ಇಲ್ಲಿ ಬೆಲೆ ಬರೆದಿಲ್ಲ. ಕನಿಷ್ಠ ಮೂರು ಅಂಗಡಿ ವಿಚಾರಿಸಿ, ಆನ್‌ಲೈನ್ ರೇಟೂ ನೋಡಿ. ರೇಟು ಹೇಳುವಾಗ ಜಿಎಸ್‌ಟಿ ಸೇರಿದೆಯಾ ಕೇಳಿ, 18 ಶೇಕಡಾ ಸಣ್ಣ ಮೊತ್ತ ಅಲ್ಲ. ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್‌ನಲ್ಲಿರೋ ಸೀರಿಯಲ್ ನಂಬರ್, ಬಾಕ್ಸ್ ಮೇಲಿನದು ಎರಡೂ ಒಂದೇನಾ ಅಂತ ಅಲ್ಲೇ ನೋಡಿ. ಪ್ರೊಸೆಸರ್ 'ಬಾಕ್ಸ್'ನದೇ ಕೇಳಿ, 12100ರ ಬಾಕ್ಸ್‌ನಲ್ಲಿ ಕೂಲರ್ ಜೊತೆಗೇ ಬರುತ್ತೆ. ದುಡ್ಡು ಕೊಡುವ ಮುಂಚೆ ಒಬ್ಬರು ಮಾಡೆಲ್ ನಂಬರನ್ನ ಅಕ್ಷರ ಅಕ್ಷರ ಜೋರಾಗಿ ಓದಿ, ಇನ್ನೊಬ್ಬರು ಲಿಸ್ಟ್ ನೋಡಿ. ಈ ಎರಡು ನಿಮಿಷ ನಾವು ಕೊಟ್ಟಿದ್ದರೆ ಒಂದು ತಿಂಗಳ ಗೋಬಿ ಉಳೀತಿತ್ತು.

ಮಷೀನ್ ಊರಿಗೆ ಹೋಯ್ತು. ಕಪ್ಪು ತಗಡಿನ ಸಾದಾ ಡಬ್ಬ, ಒಂದೇ ಒಂದು ಪವರ್ ಲೈಟ್. ಎರಡು ವಾರ ಆದಮೇಲೆ ಅಕ್ಕ ಫೋನ್ ಮಾಡಿದ್ರು. ನಮಗೆ ಎದೆ ಧಸಕ್ ಅಂತು, ಏನು ಕೆಟ್ಟಿತೋ ಅಂತ.

"ಏನಿಲ್ಲೋ ತಮ್ಮಾ. ಈಗ ಲೈಟ್ ಹೋತು. ಆದ್ರ ಅರ್ಜಿ ಸಬ್ಮಿಟ್ ಆತು. ಅದನ್ನ ಹೇಳೂಣು ಅಂತ ಮಾಡಿದೆ."