ಆಡಿ ತೋರಿಸಲಾಗದ ಕೋಚ್

ನಿಮ್ಮ ಗಾಲ್ಫ್ ಶಿಷ್ಯೆ ಕಪ್ ಎತ್ತಿದಾಗ, ಭುಜದ ಶಸ್ತ್ರಚಿಕಿತ್ಸೆಯಾಗಿ ತೋಳು ಜೋಳಿಗೆಯಲ್ಲಿದ್ದ ನಿಮಗೆ ಚಪ್ಪಾಳೆ ತಟ್ಟಲೂ ಆಗಲಿಲ್ಲ. ಒಳಗೊಳಗೇ ಏನೋ ಚುಚ್ಚಿತು, ಇದು ಹೊಟ್ಟೆಕಿಚ್ಚೇ ಎಂದು ಕೇಳಿದ್ದೀರಿ. ಸ್ವಲ್ಪ ಇರಬಹುದು, ಇರಲಿ ಬಿಡಿ. ಅದನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ, ಆ ಹುಡುಗಿಯ ಎದುರು ಬೇಡ.

ಭುಜದ ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ರೊಟೇಟರ್ ಕಫ್ ಶಸ್ತ್ರಚಿಕಿತ್ಸೆಯ ನಂತರ ಪೂರ್ತಿ ಸ್ವಿಂಗ್‌ಗೆ ಸಾಮಾನ್ಯವಾಗಿ 6 ತಿಂಗಳಾದರೂ ಬೇಕು. ‘ಒಂದೇ ಒಂದು ಡ್ರೈವ್ ತೋರಿಸಿಬಿಡ್ತೀನಿ’ ಅನ್ನುವ ಚಪಲ ಇದೆಯಲ್ಲ, ಹೊಲಿಗೆ ಕಿತ್ತುಬರಲು ಅಷ್ಟು ಸಾಕು. ಪಟಿಂಗ್‌ಗೂ ಮೊದಲು ಫಿಸಿಯೋ ಹೂಂ ಅನ್ನಲಿ.

ಆಡಿ ತೋರಿಸದವನು ಎಂಥ ಕೋಚ್ ಅಂತೀರಾ? ಟೆಕ್ಸಾಸ್‌ನ ಗಾಲ್ಫ್ ಕೋಚ್ ಹಾರ್ವೆ ಪೆನಿಕ್‌ಗೆ 1995ರಲ್ಲಿ 90 ವರ್ಷ, ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಶಿಷ್ಯ ಬೆನ್ ಕ್ರೆನ್ಷಾ ಕೈಗೆ ಪಟರ್ ಕೊಡಿಸಿ, ಹೊಡೆತ ತೋರಿಸು ಎಂದು ಮಲಗಿದಲ್ಲಿಂದಲೇ ತಿದ್ದಿದರು. ಏಪ್ರಿಲ್ 2ರಂದು ಗುರು ತೀರಿಕೊಂಡರು. 9ರಂದು ಕ್ರೆನ್ಷಾ ಮಾಸ್ಟರ್ಸ್ ಟೂರ್ನಿ ಗೆದ್ದು, ಕೊನೆಯ ಗ್ರೀನ್‌ನಲ್ಲೇ ಬಗ್ಗಿ ಅತ್ತರು.

ನೀವೂ ರೇಂಜ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಕೂರಿ. ಕೈ ಸುಮ್ಮನಿದ್ದಾಗ ಕಣ್ಣು ಚುರುಕಾಗುತ್ತದೆ. ಅವಳ ಹಿಡಿತ, ಚೆಂಡಿನ ಮುಂದೆ ನಿಲ್ಲುವ ರೀತಿ, ಸೊಂಟ ತಿರುಗುವ ಹೊತ್ತು ಎಲ್ಲ ಗಮನಿಸಿ. ಸ್ವಿಂಗ್ ತೋರಿಸಲು ಅವಳು ಇನ್ನೊಬ್ಬರನ್ನು ಕರೆಯುತ್ತೇನೆ ಎಂದಿದ್ದಕ್ಕೆ ಮುನಿಸಿಕೊಂಡಿದ್ದೀರಿ. ಕರೆಯಲಿ. ಏನು ತೋರಿಸಬೇಕೆಂದು ಅವರಿಗೆ ಹೇಳುವವರು ನೀವೇ. ಇವತ್ತೇ ಅವಳಿಗೆ ಫೋನ್ ಮಾಡಿ, ಮೊದಲು ಗೆಲುವಿಗೆ ಶಹಬ್ಬಾಸ್ ಹೇಳಿ, ಆಮೇಲೆ ಇನ್ನೊಬ್ಬರನ್ನು ಕರೆಯಲು ನಿಮ್ಮ ಒಪ್ಪಿಗೆ ಇದೆ ಎಂದು ತಿಳಿಸಿ.